‘ಇಂಡಿಯಾ ಪೇಲ್ ಏಲ್’ಗೆ ಕನ್ನಡದಲ್ಲಿ ಏನು? (ತುರ್ತು)

ಬಲ್ಲವರಲ್ಲಿ ವಿನಂತಿ. ಲಂಡನ್ನಿನ ಹಳೆಯ ಹಡಗುಕಟ್ಟೆಗಳ ಕುರಿತ ಲೇಖನವೊಂದನ್ನು ಮಾಸಪತ್ರಿಕೆಗೆ ಅನುವಾದಿಸುತ್ತಿದ್ದೇನೆ. ಪುಟ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ‘ಇಂಡಿಯಾ ಪೇಲ್ ಏಲ್’ ಎಂಬ ಬಿಯರಿನ ಹೆಸರಿಗೆ ಸಂಪಾದಕರು ‘ಭಾರತದ ಪೇಲವ ಮದ್ಯ’ ಎಂದು ಸೂಚಿಸಿದ್ದಾರೆ. ನನಗೆ ಒಪ್ಪಿಗೆಯಾಗುತ್ತಿಲ್ಲ. ರುಚಿಯ ವರ್ಣನೆಯೂ ಇದೆ: ಕಹಿ ಎನ್ನಬೇಕೋ ಒಗರು ಎನ್ನಬೇಕೋ?

ಮರು: (ಧಾರವಾಡದಿಂದ)
ಇಷ್ಟಕ್ಕೆ ತುರ್ತೇಕೆ? ಜವೆ (ಬಾರ್ಲಿ) + ಕಳ್ಳು = ಜವೆಗಳ್ಳು. ‘ಕಳ್’ ತಮಿಳು, ತೆಲುಗು, ಮಲಯಾಳಗಳಲ್ಲೂ ಬೇರೂರಿರುವ ನಮ್ಮದೇ ಪದ. ಮದ್ಯ, ಸುರೆ ಎರಡೂ ಬೇಡ. ‘ಪೇಲ್’ ಎಂದರೆ ತಿಳಿ. ‘ತಿಳಿಜವೆಗಳ್ಳು’ ಎಂದು ಬರೆದು ಮುಂದೆ ಹೋಗಿ.

ಮರು: (ಮೈಸೂರಿನಿಂದ)
ಸಂಪಾದಕರ ಸೂಚನೆಯೇ ಸರಿ. ಪೇಲ್, ಪೇಲವ ಎರಡೂ ಒಂದೇ ಧಾತುವಿನವು. ಕಿವಿಗೇ ಕೇಳಿಸುತ್ತದೆ.

ಮರು: (ಬೆಂಗಳೂರಿನಿಂದ)
ಕಿವಿಗೆ ಕೇಳಿಸಿದ್ದೆಲ್ಲ ವ್ಯುತ್ಪತ್ತಿಯಾಗುವುದಿಲ್ಲ. ‘ಪೇಲ್’ ಲ್ಯಾಟಿನ್ನಿನ ‘ಪಲ್ಲಿಡುಸ್’ನಿಂದ ಫ್ರೆಂಚಿನ ಮೂಲಕ ಬಂದದ್ದು. ಅದಕ್ಕೆ ಸಂಸ್ಕೃತದಲ್ಲಿ ನಂಟು ಬೇಕೆಂದರೆ ನರೆಗೂದಲಿನ ‘ಪಲಿತ’ವಿದೆ, ಪೇಲವವಲ್ಲ. ಕನ್ನಡದಲ್ಲಿ ಪೇಲವ ಎಂದರೆ ಸಪ್ಪೆ, ಸತ್ವವಿಲ್ಲದ್ದು. ಈ ಬಿಯರಿಗೆ ಅದಕ್ಕಿಂತ ದೊಡ್ಡ ಅಪಚಾರವಿಲ್ಲ.

ಇಲ್ಲಿ ‘ಪೇಲ್’ ಬರಿಯ ಬಣ್ಣದ ಮಾತು. ಸೌದೆಯ ಉರಿಯಲ್ಲಿ ಒಣಗಿಸಿದ ಮಾಲ್ಟ್ (ಮೊಳಕೆ ಬರಿಸಿದ ಜವೆ) ಕಂದು ತಿರುಗಿ ಹೊಗೆವಾಸನೆ ಹಿಡಿಯುತ್ತಿತ್ತು. 17ನೆಯ ಶತಮಾನದಲ್ಲಿ ಕೋಕ್ (ಕಲ್ಲಿದ್ದಲನ್ನು ಸುಟ್ಟು ಮಾಡಿದ, ಹೊಗೆ ಕಡಿಮೆಯಿರುವ ಇಂಧನ) ಬಳಕೆಗೆ ಬಂದ ಮೇಲೆ ಹದವಾಗಿ ಒಣಗಿಸಲು ಸಾಧ್ಯವಾಯಿತು, ಮಾಲ್ಟ್ ತಿಳಿಹಳದಿಯಾಗಿಯೇ ಉಳಿಯಿತು. ಪೋರ್ಟರ್ ಎಂಬ ಕಪ್ಪು ಬಿಯರಿನ ಪಕ್ಕದಲ್ಲಿಟ್ಟರೆ ಇದು ಹೊಂಬಣ್ಣ. ‘ತಿಳಿಹಳದಿ’ಯಲ್ಲಿ ತಿಳಿ ಒಪ್ಪುತ್ತದೆ, ಒಂಟಿಯಾಗಿ ಬಂದರೆ ನೀರು ನೀರಾದದ್ದು ಎಂಬ ಅರ್ಥ ಬರುತ್ತದೆ.

ಅದಕ್ಕಿಂತ ಮುಖ್ಯವಾದದ್ದು ವಿಭಕ್ತಿ. ‘ಭಾರತದ’ ಅಲ್ಲ, ‘ಭಾರತಕ್ಕೆ’. ಈ ಬಿಯರ್ ಹುಟ್ಟಿದ್ದು ಲಂಡನ್ನಿನ ಪೂರ್ವದಂಚಿನಲ್ಲಿ. ಬೋ ಎಂಬಲ್ಲಿದ್ದ ಹಾಡ್ಜ್‌ಸನ್ನರ ಬಿಯರ್ ಭಟ್ಟಿಯು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುತ್ತಿದ್ದ ಬ್ಲ್ಯಾಕ್‌ವಾಲ್‌ಗೆ ಹತ್ತಿರವಿತ್ತು. ಹಡಗಿನವರಿಗೆ ಉದಾರವಾಗಿ ಸಾಲವನ್ನೂ ಕೊಡುತ್ತಿತ್ತು. ಪೀಪಾಯಿಗಳು ಕೇಪ್ ಆಫ್ ಗುಡ್ ಹೋಪ್ ಬಳಸಿ, ಸಮಭಾಜಕವನ್ನು ಎರಡು ಸಲ ದಾಟಿ ತಿಂಗಳುಗಟ್ಟಲೆ ಕಡಲಿನಲ್ಲಿ ಮಾಗುತ್ತಿದ್ದವು. ಹಾಡ್ಜ್‌ಸನ್ ವಂಶದವರು ವ್ಯಾಪಾರವನ್ನೆಲ್ಲ ತಾವೇ ಹಿಡಿಯಲು ಹೊರಟಾಗ, 1820ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಬರ್ಟನ್‌ನ ಬಿಯರ್ ತಯಾರಕ ಸ್ಯಾಮ್ಯುಯೆಲ್ ಆಲ್ಸಪ್ ಕಣಕ್ಕಿಳಿದರು. ಅಲ್ಲಿನ ಜಿಪ್ಸಂ ತುಂಬಿದ ಬಾವಿನೀರು ಕಹಿಯನ್ನು ಇನ್ನಷ್ಟು ಚೂಪಾಗಿಸಿತು. ‘ಈಸ್ಟ್ ಇಂಡಿಯಾ ಪೇಲ್ ಏಲ್’ ಎಂಬ ಹೆಸರು 1829ರಲ್ಲೇ ಸಿಡ್ನಿಯ ಪತ್ರಿಕೆಯೊಂದರ ಜಾಹೀರಾತಿನಲ್ಲಿ ಕಾಣುತ್ತದೆ. ಭಾರತವನ್ನು ತಲುಪುವವರೆಗೆ ಬೇರೆ ಬಿಯರ್ ಕೆಡುತ್ತಿತ್ತು, ಅದಕ್ಕೇ ಇದನ್ನು ಕಂಡುಹಿಡಿದರು ಎಂಬ ಕತೆ ನಿಮ್ಮ ಲೇಖನದಲ್ಲಿದ್ದರೆ ತೆಗೆಸಿ. ಪೋರ್ಟರ್ ಕೂಡ ಧಾರಾಳವಾಗಿ ಬರುತ್ತಿತ್ತು, ಸೈನಿಕರು ಅದನ್ನೇ ಕುಡಿಯುತ್ತಿದ್ದರು.

ರುಚಿಗೆ ‘ಕಹಿ’ ಎಂದೇ ಬರೆಯಿರಿ. ಬಿಯರಿಗೆ ಹಾಕುವ ಹಾಪ್ಸ್ ಎಂಬ ಬಳ್ಳಿಯ ಒಣಗಿದ ಹೂವನ್ನು ಬೆರಳುಗಳ ನಡುವೆ ಉಜ್ಜಿದರೆ ಹಳದಿ ಪುಡಿ ಅಂಟಿಕೊಂಡು ರಾಳದ ವಾಸನೆ ಹೊಡೆಯುತ್ತದೆ. ಕುದಿಸಿದಾಗ ಕಹಿ ಬಿಡುವುದು ಆ ಪುಡಿಯೇ, ಬಿಯರ್ ಹುಳಿಯದಂತೆ ಕಾಯುವುದೂ ಅದೇ. ಒಗರು ಎಂದರೆ ಎಳೆ ಅಡಿಕೆಯಂತೆ ನಾಲಿಗೆ ಹಿಡಿಯುವುದು, ಅದು ಬೇರೆ. ಕಿತ್ತಳೆ ಸಿಪ್ಪೆಯ, ಪೈನ್ ಮರದ ಘಮಲು ಅಮೆರಿಕದ ಕ್ಯಾಸ್ಕೇಡ್‌ನಂತಹ ಹಾಪ್ಸ್ ತಳಿಗಳದ್ದು. 1970ರ ದಶಕದಿಂದೀಚೆಗೆ ಬಂದ ಅದನ್ನು ಕಂಪನಿ ಕಾಲಕ್ಕೆ ಅಂಟಿಸಬೇಡಿ.

ಹೆಸರನ್ನು ‘ಇಂಡಿಯಾ ಪೇಲ್ ಏಲ್’ ಎಂದೇ ಇಡಿ. ಮೊದಲ ಸಲ ಬಂದಾಗ ‘ಭಾರತಕ್ಕೆಂದು ಹಡಗೇರುತ್ತಿದ್ದ ಹೊಂಬಣ್ಣದ ಕಹಿ ಬಿಯರ್’ ಎಂದು ಸೇರಿಸಿ.

ಮರು: (ಧಾರವಾಡದಿಂದ)
ಕೊನೆಗೆ ಇಂಗ್ಲಿಷಿಗೇ ಶರಣು! ಹೀಗೆ ಒಂದೊಂದೇ ಪದ ಬಿಟ್ಟುಕೊಟ್ಟರೆ ಕನ್ನಡದಲ್ಲಿ ಉಳಿಯುವುದು ಪ್ರತ್ಯಯಗಳಷ್ಟೇ.

ಮರು: (ಬೆಂಗಳೂರಿನಿಂದ)
ನಿಮ್ಮ ‘ಜವೆ’ಯೇ ‘ಯವ’ದ ತದ್ಭವ. ಚಾವಿ ಪೋರ್ಚುಗೀಸರದ್ದು, ಮೇಜು ಪಾರಸಿಯದ್ದು. ಪ್ರತ್ಯಯ ಗಟ್ಟಿಯಾಗಿದ್ದರೆ ಬಂದ ಪದ ನಮ್ಮದಾಗುತ್ತದೆ. ಕಳ್ಳು ಮರದಿಂದ ಇಳಿಸುವುದು. ಧಾನ್ಯ ಕುದಿಸಿ ಮಾಡಿದ್ದಕ್ಕೆ ಅದನ್ನು ಅಂಟಿಸಿದರೆ ಎರಡರ ಅರ್ಥವೂ ಕೆಡುತ್ತದೆ.

ಮರು: (ಧಾರವಾಡದಿಂದ)
ತದ್ಭವವಾದ ಮೇಲೆ ಅದು ಕನ್ನಡವೇ. ‘ಏಲ್’ ಇನ್ನೂ ಆಗಿಲ್ಲ. ಒಪ್ಪುವುದಿಲ್ಲ.

ಮರು: (ಕೇಳಿದವರಿಂದ)
‘ಭಾರತಕ್ಕೆಂದು ಹಡಗೇರುತ್ತಿದ್ದ’ ಎಂಬುದನ್ನು ಹಾಗೆಯೇ ತೆಗೆದುಕೊಂಡಿದ್ದೇನೆ, ಸಂಪಾದಕರೂ ಒಪ್ಪಿದರು. ಪೋರ್ಟರ್ ಕುರಿತು ಒಂದು ವಾಕ್ಯ ಸೇರಿಸಲು ಜಾಗ ಕೇಳಿದ್ದೇನೆ. ಎಲ್ಲರಿಗೂ ವಂದನೆಗಳು.