ಸಹಾಯ ಬೇಕು: ಇಂಟರ್ನೆಟ್ ಇಲ್ಲದ ಲ್ಯಾಬ್‌ನಲ್ಲಿ ಮಕ್ಕಳಿಗೆ ವೆಬ್ ಡಿಸೈನ್

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಹೈಸ್ಕೂಲಿನಲ್ಲಿ ಶನಿವಾರ ಮಧ್ಯಾಹ್ನ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ವೆಬ್ ಪೇಜ್ ಕಟ್ಟುವ ಎಚ್‌ಟಿಎಮ್‌ಎಲ್, ಅದಕ್ಕೆ ಅಂದ ಕೊಡುವ ಸಿಎಸ್‌ಎಸ್ ಹೇಳಿಕೊಡುತ್ತಿದ್ದೇನೆ. ಹಳೇ ಕಂಪ್ಯೂಟರ್‌ಗಳು, ನೋಟ್‌ಪ್ಯಾಡ್, ಒಂದು ಬ್ರೌಸರ್. ಶುರುವಿಗೆ ಅಷ್ಟು ಸಾಕು, ಅದರಲ್ಲಿ ತಕರಾರಿಲ್ಲ.

ತೊಂದರೆ ಕನ್ನಡದ್ದು. ಮಕ್ಕಳು ಊರ ಜಾತ್ರೆ ಬಗ್ಗೆ ಪೇಜ್ ಮಾಡುತ್ತಿದ್ದಾರೆ. ಶಾಲೆಯಲ್ಲಿ ಮೊದಲೇ ಟೈಪ್ ಮಾಡಿಟ್ಟಿರುವ ಬರಹವೆಲ್ಲ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಆಸ್ಕಿ ಫಾಂಟ್‌ನಲ್ಲಿದೆ (ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿದ ಫಾಂಟ್). ಪೇಸ್ಟ್ ಮಾಡಿದರೆ ಬ್ರೌಸರ್‌ನಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿ, ಯುಟಿಎಫ್-8 (ಯೂನಿಕೋಡ್ ಬರಹ ಉಳಿಸುವ ರೀತಿ) ಆಗಿ ಸೇವ್ ಮಾಡಿ, ಪೇಜಿನ ಹೆಡ್‌ನಲ್ಲಿ ಅದನ್ನು ಬ್ರೌಸರ್‌ಗೆ ತಿಳಿಸುವ ಮೆಟಾ ಚಾರ್‌ಸೆಟ್ ಸಾಲು ಹಾಕಿದರೆ ಸರಿಯಾಗಿ ಬರುತ್ತದೆ. ಆದರೆ ಹಳೇ ನೋಟ್‌ಪ್ಯಾಡ್ ಸೇವ್ ಮಾಡುವಾಗ ತಾನಾಗಿ ಆರಿಸಿಕೊಳ್ಳುವುದು ಆನ್ಸಿ, ಅದರಲ್ಲಿ ಕನ್ನಡ ಉಳಿಯುವುದಿಲ್ಲ. ಎಚ್ಚರಿಕೆ ಮೆಸೇಜ್ ಬರುತ್ತದೆ, ಮಕ್ಕಳು ಓದದೆ ಸುಮ್ನೆ ಓಕೆ ಒತ್ತುತ್ತಾರೆ. ಮತ್ತೆ ತೆರೆದರೆ ಜಾತ್ರೆಯೆಲ್ಲ ಪ್ರಶ್ನೆಚಿಹ್ನೆ!

ನನಗೆ ಬೇಕಿರುವುದು: ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ, ಇಂಟರ್ನೆಟ್ ಇಲ್ಲದೆಯೂ ನಡೆಯುವ ಕನ್ವರ್ಟರ್. ಪೆನ್‌ಡ್ರೈವ್‌ನಲ್ಲಿ ಒಯ್ಯುವಂತಿರಬೇಕು. ಅರ್ಕಾವತ್ತು ತಪ್ಪದೆ ಬದಲಿಸಿದರಂತೂ ಬಹಳ ಉಪಕಾರ.

ಇನ್ನೊಂದು. ಒತ್ತಕ್ಷರ ಜಾಸ್ತಿ ಇರುವ ಸಾಲು ಕೆಳಗಿನ ಸಾಲಿಗೆ ತಾಗುತ್ತದೆ. ಅದಕ್ಕೇ ಲೈನ್-ಹೈಟ್ (ಸಾಲಿನ ಎತ್ತರ) 1.6 ಇಟ್ಟಿದ್ದೇನೆ, ಪ್ಯಾರಾಗಳು ಪರವಾಗಿಲ್ಲ, ಆದರೆ ದಪ್ಪ ಹೆಡಿಂಗ್‌ಗಳು ಚದುರಿದಂತೆ ಕಾಣುತ್ತವೆ. ಕನ್ನಡ ಸೈಟ್ ಮಾಡಿದವರು ಹೆಡಿಂಗ್‌ಗೆ ಎಷ್ಟು ಇಡುತ್ತೀರಿ? ಯಾವ ಫಾಂಟ್?

ಜಾವಾಸ್ಕ್ರಿಪ್ಟ್ ಈಗಲೇ ಶುರು ಮಾಡಿ ಅಂತ ಮಾತ್ರ ಹೇಳಬೇಡಿ. ಮಕ್ಕಳಿಗೆ ಮಾರ್ಜಿನ್‌ಗೂ ಪ್ಯಾಡಿಂಗ್‌ಗೂ ವ್ಯತ್ಯಾಸ ಈಗಷ್ಟೇ ತಲೆಗೆ ಹತ್ತುತ್ತಿದೆ. ಶುಕ್ರವಾರದೊಳಗೆ ಯಾರಾದರೂ ತಿಳಿಸಿದರೆ ಈ ವಾರದ ಕ್ಲಾಸಿಗೇ ಆಗುತ್ತದೆ.