ಸನ್ನೆ ಭಾಷೆ ನಾಟಕದಾಗ ದುಭಾಷಿ ಎಲ್ಲಿ ನಿಲ್ಲಬೇಕು? ಮಾಡಿದವರು ಹೇಳ್ರಿ

ರಂಗದಗುಂಗು: 45 ನಿಮಿಷದ ಪ್ರಯೋಗ, ಆರು ನಟರು, ಅದರಾಗ ಮೂವರು ಕಿವುಡರು. ಮೊದಲ ಧಾರವಾಡದ ಸೃಜನಾ ರಂಗಮಂದಿರದಾಗ, ಆಮ್ಯಾಲ ಗದಗ, ಹಾವೇರಿ ಶಾಲಿಗಳಾಗ. ನೋಡಾಕ ಬರೋ ಅರ್ಧ ಮಂದಿಗೆ ಸನ್ನೆ ಬರೂದಿಲ್ಲ. ದುಭಾಷಿನ್ನ ಬದಿಗೆ ನಿಲ್ಲಸೂದೋ, ನಟರ ನಡುವ ತರೂದೋ?

ಹಳೇಪರದೆ: ಬದಿಗೆ ಬ್ಯಾಡೇ ಬ್ಯಾಡ. ಕೇಳಾವ ಮಾತು ಕೇಳ್ಕೋತ ನಟನ್ನ ನೋಡ್ತಾನ. ಕಿವುಡನಿಗೆ ಕಿವಿ ಕೆಲಸನೂ ಕಣ್ಣ ಮಾಡಬೇಕು. ಮೂಲ್ಯಾಗಿನ ದುಭಾಷಿನ್ನ ನೋಡಿ ಈ ಕಡೆ ತಿರಗೂದ್ರಾಗ ಕೊಲಿ ಆಗಿ ಹೋಗಿರತೈತಿ. ಪಾತ್ರದ ಮಗ್ಗಲಕ್ಕ ಎರಡು ಅಡಿಯೊಳಗ ನೆರಳಿನಂಗ ಇರ್ಲಿ. ನಟನ ಮೈ ಹೊರಳಿ ನಿಂತ ಮ್ಯಾಲ ದುಭಾಷಿ ಕೈ ಮಾತಾಡ್ಲಿ, ಎರಡೂ ಕೂಡೇ ಬ್ಯಾಡ.

ಬೆಳಕಿನಾವ: ಎಲ್ಲಿ ನಿಂತ್ರೇನ್ರೀ, ಮಾರಿ ಕಾಣದಿದ್ರ? ನೆತ್ತಿ ಮ್ಯಾಲಿನ ದೀಪ ಅಷ್ಟ ಹಾಕಿದ್ರ ಹುಬ್ಬಿನ ಕೆಳಗ ಕತ್ತಲಿ. ಸನ್ನೆಯಾಗ ಹೌದೋ ಅಲ್ಲೋ ಅಂತ ಕೇಳೂ ಪ್ರಶ್ನೆ ಗೊತ್ತಾಗೂದ ಹುಬ್ಬು ಏರಿದ್ರ. ಮುಂದ ಎಡ-ಬಲ 45 ಡಿಗ್ರಿಗೆ ಎರಡು ದೀಪ ಬೇಕ ಬೇಕು. ಜರಿ, ಕನ್ನಡಿ, ಬಳಿ, ಉಂಗುರ ಎಲ್ಲಾ ತಗೀರಿ; ಬೆಳಕು ತಾಗಿ ಮಿಂಚಿದ್ರ ಬೆರಳು ಕಾಣೂದಿಲ್ಲ. ಅಂಗಿ ಒಂದೇ ಬಣ್ಣದ್ದು. ಮೊಬೈಲಿನಾಗ ಕಪ್ಪು-ಬಿಳುಪು ಫೋಟೋ ತಗದು ನೋಡ್ರಿ, ಕೈ ಅಂಗಿಯೊಳಗ ಕರಗಿದ್ರ ಬದಲಿ ಮಾಡ್ರಿ.

ಡೊಳ್ಳಿನಮನಿ: ದೀಪದ ರೊಕ್ಕ ನೆಲಕ್ಕ ಹಾಕ್ರಿ. ಕಿವುಡ ನಟರಿಗೆ ಸೂಚನೆ ಸಿಗೂದು ನೆಲದಾಗಿನ ಡೊಳ್ಳಿನ ನಡುಕದಿಂದ. ಸಿಮೆಂಟ್ ನೆಲದಾಗ ಡೊಳ್ಳು ಎಷ್ಟ ಬಡದ್ರೂ ಅಂಗಾಲಿಗೆ ಏನೂ ಬರೂದಿಲ್ಲ. 24×16 ಅಡಿಗೆ 8×4ರ 12 ಪ್ಲೈವುಡ್ ಶೀಟ್, 18 ಎಂ.ಎಂ.ದು, ಕೆಳಗ ಅಡ್ಡಪಟ್ಟಿ ಕೊಟ್ಟು ಪೊಳ್ಳು ಬಿಡ್ರಿ. ಶೀಟು ಕೂಡೋ ಕಡೆ ಪಟ್ಟಿ ತಪ್ಪಿದ್ರ ಮೂಲಿ ಏಳತೈತಿ, ಹಾರಿದವನ ಕಾಲು ಉಳುಕತೈತಿ.

ಬೆಳಕಿನಾವ: ಬೆನ್ನು ತಿರುಗಿಸಿ ಗಾಳ್ಯಾಗ ಹಾರಿದವನಿಗೆ ಅಂಗಾಲು ಏನ್ ಹೇಳತೈತಿ? ಸೂಚನೆಗೆ ಹಸಿರು ಬಲ್ಬ್ ಬೇಕು, ಎದುರಿಗೊಂದು, ಹಿಂದೊಂದು.

ಡೊಳ್ಳಿನಮನಿ: ಬಲ್ಬ್ ಹೋತಂದ್ರ?

ಕೈಮಾತು: ನೆಲ, ದೀಪ ಆಮ್ಯಾಲ. ಕನ್ನಡದ ಸಾಲನ್ನ ಪದಕ್ಕೊಂದು ಸನ್ನೆ ಮಾಡಿದ್ರ ಅದು ಸನ್ನೆ ಭಾಷೆ ಅಲ್ಲ. ಭಾರತೀಯ ಸನ್ನೆ ಭಾಷೆಗೆ ತನ್ನದೇ ವ್ಯಾಕರಣ ಐತಿ. ಏನು, ಎಲ್ಲಿ ಅನ್ನೂ ಪದ ಕಡೀಗೆ ಬರತೈತಿ. ಸನ್ನೆ ಬರದವರಿಗೆ ಮೈಯಿಂದ ತೋರಸ್ರಿ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ಬಂತಂದ್ರ ಮೊದಲ ದೂರದಾಗ ಅಂಗೈಯಷ್ಟ ಬಸ್ಸು. ಆಮ್ಯಾಲ ನಟನೇ ಡ್ರೈವರ್. ಆಮ್ಯಾಲ ಅವನ ಮುಂಗೈ ಗಾಜಿನ ವೈಪರ್. ಬ್ರೇಕ್ ಬಿದ್ದಾಗ ಆರೂ ಮಂದಿ ಒಂದೇ ಸಲ ಮುಂದ ಬಾಗಬೇಕು. ಅಮೆರಿಕದ ಕಿವುಡ ನಟ ಬರ್ನಾರ್ಡ್ ಬ್ರ್ಯಾಗ್ ಬೆಳಸಿದ ವಿಶುವಲ್ ವರ್ನ್ಯಾಕ್ಯುಲರ್ ಅಂದ್ರ ಇದ.

ನಾಟ್ಯಪ್ರಿಯ: ಭರತನಾಟ್ಯದ ಮುದ್ರೆ ಹಾಕಿದ್ರ ಎಲ್ಲಾರಿಗೂ ತಿಳೀತದಲ್ಲಾ?

ಕೈಮಾತು: ಯಾರಿಗೆ ತಿಳೀತೈತಿ, ನಿಮಗ? ಕಿವುಡರನ್ನ ಕೇಳೀರೇನು? ತಾಲೀಮಿನ ಮೊದಲ ದಿನದಿಂದ ನಿರ್ದೇಶನದಾಗ ಒಬ್ಬ ಕಿವುಡರು ಇರ್ಲಿ.

ಹಳೇಪರದೆ: ಶಾಲಿ ಸಭಾಂಗಣ ಸಮತಟ್ಟು. ಮುಂದ ಜಮಖಾನಿ, ನಡುವ ಖುರ್ಚಿ, ಹಿಂದ ಬೆಂಚು. ಸನ್ನೆ ಸೊಂಟದ ಕೆಳಗ ಇಳದ್ರ ಹಿಂದಿನವರಿಗೆ ಕಾಣೂದಿಲ್ಲ.

ರಂಗದಗುಂಗು: ಅಣ್ಣಾರ, ದುಭಾಷಿ ಒಬ್ಬರ ಸಾಕೋ, ಇಬ್ಬರು ಬೇಕೋ?

ಹಳೇಪರದೆ: ಇಬ್ಬರು. ಇಪ್ಪತ್ತು ನಿಮಿಷಕ್ಕ ಕೈ ಸೋಲತಾವ.

ಡೊಳ್ಳಿನಮನಿ: ಬಲ್ಬ್ ಹೋತಂದ್ರ ಅನ್ನೂದಕ್ಕ ಇನ್ನೂ ಉತ್ತರ ಬಂದಿಲ್ಲ.