ಮಗಳ ಇನ್ಸುಲಿನ್‌ಗೆ ಹಿಂಜರಿಯುವ ಅಣ್ಣ, ಹೇಗೆ ಒಪ್ಪಿಸುವುದು?

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಕೇಳುತ್ತಿದ್ದೇನೆ. ಅಣ್ಣನ ಮಗಳಿಗೆ 8 ವರ್ಷ, ಟೈಪ್ 1 ಡಯಾಬಿಟಿಸ್ ಅಂತ ಗೊತ್ತಾಗಿ 4 ತಿಂಗಳಾಯಿತು. ಎಲ್ಲ ಅತ್ತಿಗೆಯೇ ನೋಡಿಕೊಳ್ಳಬೇಕು. ಅಣ್ಣ ಸೂಜಿ ಮುಟ್ಟುವುದಿಲ್ಲ, "ಇವತ್ತು ಶುಗರ್ ಸರಿ ಇದೆಯಲ್ಲ, ಚುಚ್ಚುವುದು ಬೇಡ, ಕಷಾಯ ಕೊಟ್ಟು ನೋಡುವ" ಎನ್ನುತ್ತಾನೆ. ನೀವು ಏನು ಮಾಡಿದಿರಿ?

ಬದಿಯಡ್ಕದಿಂದ:
ನಮ್ಮ ಮನೆಯಲ್ಲೂ ಇದೇ ಕಥೆ. ಮಗನಿಗೆ ಆಗ 6 ವರ್ಷ. ಸೂಜಿಯ ಹೊತ್ತಿಗೆ ಸರಿಯಾಗಿ ನಮ್ಮವರು ತೋಟಕ್ಕೆ ಹೋಗಿಬಿಡುತ್ತಿದ್ದರು. ಅಸಡ್ಡೆ ಅಂದುಕೊಂಡು ನಾನು ದಿನಾ ಜಗಳ ಮಾಡಿದೆ. ಒಂದು ರಾತ್ರಿ ಅವರೇ ಹೇಳಿದರು, ಅವನು ಅಳುವಾಗ ನನ್ನ ಕೈ ನಡುಗುತ್ತದೆ ಅಂತ. ಮತ್ತೆ ನಾನು ಜಗಳ ಬಿಟ್ಟೆ. ಮೊದಲು ಗ್ಲುಕೋಮೀಟರಿನಲ್ಲಿ ಶುಗರ್ ನೋಡಿ ಪುಸ್ತಕದಲ್ಲಿ ಬರೆಯುವ ಕೆಲಸ ಮಾತ್ರ ಅವರಿಗೆ ಕೊಟ್ಟೆ. ಊಟಕ್ಕೆ ಮೊದಲು ಎಷ್ಟು, ರಾತ್ರಿ ಎಷ್ಟು ಅಂತ ತಾವೇ ಬರೆಯತೊಡಗಿದ ಮೇಲೆ, ಒಂದು ಹೊತ್ತು ತಪ್ಪಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಲಿಲ್ಲ. ಆಮೇಲೆ ನರ್ಸ್ ಹತ್ತಿರ ಕೂತು ಇನ್ಸುಲಿನ್ ಚುಚ್ಚುವ ಪೆನ್ ಹಿಡಿಯಲು ಕಲಿತರು. ಅದರ ಸೂಜಿ ಬರೇ 4 ಮಿಲಿಮೀಟರ್, ಅದನ್ನು ಕಣ್ಣಾರೆ ನೋಡಿದಾಗಲೇ ಅರ್ಧ ಹೆದರಿಕೆ ಹೋಯಿತು.

ಆದರೆ ಒಂದು ವಿಷಯದಲ್ಲಿ ಕಾಯಬೇಡಿ. ಟೈಪ್ 1ರಲ್ಲಿ ಮಗುವಿನ ದೇಹ ಇನ್ಸುಲಿನ್ ಮಾಡುವುದೇ ಇಲ್ಲ, ಸ್ವಲ್ಪ ಮಾಡಿದರೂ ಅದು ಸಾಕಾಗುವುದಿಲ್ಲ. ಶುಗರ್ ಸರಿ ಇರುವುದು ಇನ್ಸುಲಿನ್ ಕೊಟ್ಟದ್ದರಿಂದಲೇ ಅಲ್ವಾ? ಅದನ್ನು ನಿಲ್ಲಿಸಿ ಕಷಾಯ ಕೊಟ್ಟರೆ ಜೀವಕ್ಕೇ ಅಪಾಯ. ವಾಂತಿ, ಹೊಟ್ಟೆನೋವು, ಜೋರು ಉಸಿರಾಟ ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಓಡಿ. ಅಣ್ಣ ಒಪ್ಪುವ ತನಕ ನೀವೇ ಚುಚ್ಚಲು ಕಲಿಯಿರಿ, ಅತ್ತಿಗೆಗೆ ಜ್ವರ ಬಂದ ದಿನ ಯಾರಿದ್ದಾರೆ?

ಮಂಜೇಶ್ವರದಿಂದ:
ಖರ್ಚಿನ ಚಿಂತೆಯೂ ಇರಬಹುದು, ಗಂಡಸರು ಬಾಯಿಬಿಟ್ಟು ಹೇಳುವುದಿಲ್ಲ. ಟೈಪ್ 1 ಇರುವ ಮಕ್ಕಳಿಗೆ ಕೇರಳ ಸರ್ಕಾರದ 'ಮಿಠಾಯಿ' ಯೋಜನೆ ಇದೆ, ಇನ್ಸುಲಿನ್ ಉಚಿತವಾಗಿ ಸಿಗುತ್ತದೆ. ನಾವು ಎಲ್ಲದಕ್ಕೂ ಮಂಗಳೂರಿಗೆ ಹೋಗುವವರು, ಇಲ್ಲಿನ ಸವಲತ್ತು ನಮಗೆ ಗೊತ್ತೇ ಆಗುವುದಿಲ್ಲ. ಮಲಯಾಳ ಓದಲು ಬರುವುದಿಲ್ಲ ಅಂತ ಸುಮ್ನೆ ಕೂರಬೇಡಿ, ಆಶಾ ಕಾರ್ಯಕರ್ತೆಯನ್ನು ಕೇಳಿ.

ಮುಳ್ಳೇರಿಯದಿಂದ:
ಮಗುವಿಗೆ ಯಾವತ್ತಾದರೂ ಶುಗರ್ ತುಂಬಾ ಇಳಿದಿತ್ತಾ, ಕೇಳಿ ನೋಡಿ. ನನ್ನ ತಮ್ಮ ಹೆದರಿದ್ದು ಅದಕ್ಕೇ. ಮಗಳು ಬೆವರಿ ನಡುಗಿದ್ದನ್ನು ನೋಡಿದವನು ಡೋಸ್ ಕಡಿಮೆ ಮಾಡತೊಡಗಿದ. 70ಕ್ಕಿಂತ ಕೆಳಗೆ ಹೋದರೆ ಎಷ್ಟು ಸಕ್ಕರೆ ಕೊಡಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು ಅಂತ ಡಾಕ್ಟರು ಅವನನ್ನೇ ಕೂರಿಸಿ ಹೇಳಿಕೊಟ್ಟರು. ಈಗ ಪೇಟೆಗೆ ಹೋಗುವಾಗಲೂ ಅವನ ಅಂಗಿ ಜೇಬಿನಲ್ಲಿ ಗ್ಲುಕೋಸ್ ಇರುತ್ತದೆ.